ಅರಿಷಿಣದ ಪಟ್ಟಿ

ಮೂರನೆಯ ಪ್ರನಾಳದ ತಳದಲ್ಲಿ ಒಂದು ಗುಳ್ಳೆ, ಗಾಜಿಗೆ ಅಂಟಿಕೊಂಡು ಕೂತಿದೆ, ಒಡೆಯುವುದಿಲ್ಲ, ಏರುವುದಿಲ್ಲ, ಪರೀಕ್ಷೆಗೆ ಕೂತಿರುವುದು ಅದೇ ಅನ್ನುವ ಹಾಗೆ — ಈ ಪ್ರನಾಳ ತೊಳೆದವರು ಯಾರೋ ಬ್ರಷ್ಷನ್ನು ಕೆಳಗಿನ ತನಕ ಇಳಿಸಿಲ್ಲ, ಜಿಡ್ಡು ಉಳಿದರೆ ಗುಳ್ಳೆ ಹೀಗೆ ಬೀಡು ಬಿಡುತ್ತದೆ, ನನ್ನ ಲ್ಯಾಬಿನಲ್ಲಾಗಿದ್ದರೆ — ಇರಲಿ ಪ್ರಮಿಳಾ, ಇವತ್ತು ನೀನು ತೊಳೆಯಲಿಕ್ಕೆ ಬಂದಿಲ್ಲ, ಬರೆಯಲಿಕ್ಕೆ ಬಂದಿದ್ದೀ, ಖಾನಾಪುರದ ಹೈಸ್ಕೂಲು, ಮುಕ್ತ ಶಾಲೆಯ ಹತ್ತನೇ ಇಯತ್ತೆ, ವಿಜ್ಞಾನದ ಪ್ರಾಯೋಗಿಕ, ವಯಸ್ಸು ನಲವತ್ತೊಂದು, ಅರ್ಜಿಯಲ್ಲಿ ವಿದ್ಯಾರ್ಥಿನಿ ಅಂತ ಬರೆಯುವಾಗ ಪೆನ್ನಿಗೂ ನಗು ಬಂದಿತ್ತು. ಅ, ಬ, ಕ ಅಂತ ಚೀಟಿ ಅಂಟಿಸಿದ ಮೂರು ಪ್ರನಾಳ, ಮೂರರಲ್ಲೂ ನೀರಿನಂತಿರುವ ಏನೋ, ಒಂದು ಆಮ್ಲ, ಒಂದು ಪ್ರತ್ಯಾಮ್ಲ, ಒಂದು ಬರೀ ಉಪ್ಪುನೀರು, ಯಾವುದು ಯಾವುದು ಅಂತ ಮನೆಯಿಂದ ಮಾಡಿ ತಂದ ಅರಿಷಿಣದ ಪಟ್ಟಿಯಿಂದ ಕಂಡುಹಿಡಿಯಬೇಕು, ಕಂಡದ್ದನ್ನು ಬರೆಯಬೇಕು, ಅರ್ಧ ತಾಸು. ಬೆಳಗಾವಿಯ ಶಿವಬಸವ ನಗರದ ನಮ್ಮ ಸಾಲಿಯ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಅಟೆಂಡರ್ ಆಗಿದ್ದೇನೆ, ಇಂಥ ಪ್ರನಾಳ ಎಷ್ಟು ಸಾವಿರ ತೊಳೆದಿದ್ದೇನೋ, ಆದರೆ ಜೂನ್‌ನಿಂದ ಹತ್ತನೇ ಪಾಸಾದವರಿಗಷ್ಟೇ ಲ್ಯಾಬು, ಉಳಿದವರು ಗೇಟಿಗೆ, ಕಾರ್ಯದರ್ಶಿ ಕೃಷ್ಣಾಜಿಯವರು ಕೈಮುಗಿದೇ ಹೇಳಿದರು, ರೂಲ್ ಆಗೇತ್ರಿ ಬಾಯಿ, ನಂದೇನೂ ಇಲ್ಲ ಇದ್ರಾಗ, ಅವರದೇನೂ ಇಲ್ಲ, ಅವರ ಅಳಿಯ ಓಂಕಾರನದು ಅದ, ಅವನು ಆಗಲೇ ಎರಡು ಸಲ ಬಂದು ಕಪಾಟು ತೆಗೆದು ನೋಡಿ ಹೋಗಿದ್ದಾನೆ, ಚಾವಿ ಎಲ್ಲಿರತಾವ್ರಿ ಅಂತ ಕೇಳಿದ್ದಾನೆ, ಲ್ಯಾಬಿನ ಚಾವಿಯ ಗೊಂಚಲಲ್ಲೇ ಗ್ರಂಥಾಲಯದ ಚಾವಿಯೂ ಇದೆ, ಹದಿನಾರು ವರ್ಷದಲ್ಲಿ ಅಲ್ಲಿಯ ಮೂರೂ ಕಪಾಟು ಪುಸ್ತಕ ಓದಿ ಮುಗಿಸಿದವಳು ನಾನೊಬ್ಬಳೇ, ಕಾದಂಬರಿ, ಪ್ರವಾಸಕಥನ, ಹಳೆಯ ವಿಶ್ವಕೋಶದ ಅ ದಿಂದ ಔ ವರೆಗೆ, ಗೇಟಿನ ಹತ್ತಿರ ಏನಿದೆ ಓದಲಿಕ್ಕೆ, ಗಾಡಿಗಳ ನಂಬರು.

ಸರಿ, ಪೊಟ್ಟಣ ಬಿಚ್ಚು, ಬಿಚ್ಚಿದೆ, ಅಯ್ಯ — ಹನ್ನೆರಡು ಪಟ್ಟಿಯಲ್ಲಿ ಒಂಬತ್ತು ಕೆಂಪಗಾಗಿವೆ, ಕುಂಕುಮದ ಕೆಂಪು, ಮೂರು ಮಾತ್ರ ಹಳದಿ, ಹೇಗೆ, ನಿನ್ನೆ ಸಂಜೆ ಹೀಗಿರಲಿಲ್ಲ, ನಿನ್ನೆ ಸಂಜೆ ಅನಗೋಳದ ನನ್ನ ಮನೆಯಿಂದ ಬಸ್ಸು ಹಿಡಿದು ಇಲ್ಲಿಯ ತವರುಮನೆಗೆ ಬಂದು, ಅರಿಷಿಣ ಕಲಸಿ, ಕಾಗದ ಅದ್ದಿ, ಮೂರನ್ನು ಹಗ್ಗಕ್ಕೆ ಸಿಕ್ಕಿಸಿದೆ, ಹಗ್ಗ ತುಂಬ ಅಣ್ಣನ ಹೆಂಡತಿ ವೈನಿಯ ಸೀರೆ, ಉಳಿದವನ್ನು ಎಲ್ಲಿ ಹಾಕಲಿ ಅಂದಾಗ ಅವ್ವನೇ ಅಂದಳು, ತುಳಸಿಕಟ್ಟಿ ಮ್ಯಾಲ ಹಾಕ, ಸ್ವಚ್ಛ ಐತಿ, ಯುಗಾದಿಗಂತ ಮುಂಜಾನೇನ ಸುಣ್ಣಾ ಹಚ್ಚೇನಿ — ಸುಣ್ಣ! ಹಸಿ ಸುಣ್ಣದ ಮೇಲೆ ಹಸಿ ಅರಿಷಿಣ ಹರವಿ, ಚಹಾ ಕುಡಿದು, ಪ್ರತ್ಯಾಮ್ಲಗಳ ಪಾಠವನ್ನು ಗಟ್ಟಿಯಾಗಿ ಓದುತ್ತಾ ಕೂತೆ, ಸುಣ್ಣವು ಒಂದು ಪ್ರತ್ಯಾಮ್ಲವಾಗಿದೆ, ಅರಿಷಿಣವು ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ, ನಾಲ್ಕು ಸಲ ಓದಿದೆ, ಮುಂಜಾನೆ ಪರೀಕ್ಷೆಗೆ ಹೊತ್ತಾಯಿತೆಂದು ನೋಡದೆ ಬಳಿದುಕೊಂಡು ಪೊಟ್ಟಣ ಕಟ್ಟಿದೆ. ನಮ್ಮವ್ವ ಸತ್ಯವ್ವ, ಸತ್ಯವ್ವನ ಮಗಳು ಅಂದರೆ ಸತ್ಯವ್ವನ ಮಗಳೇ. ಪರೀಕ್ಷಕರು ಬಂದರು, ಸುಮಂತ ಸರ್, ಮರಾಠಿಯವರನ್ನು ಮರಾಠಿಯಲ್ಲಿ, ಕನ್ನಡದವರನ್ನು ಕನ್ನಡದಲ್ಲಿ ಹೆದರಿಸುತ್ತಾರೆ, ಪಕ್ಷಪಾತವಿಲ್ಲ, ಇದೇನ್ರಿ ಬಾಯಿ, ಪರೀಕ್ಷಾಕ್ಕ ಬಂದೀರೋ ಕುಂಕುಮ ಹಂಚಾಕ ಬಂದೀರೋ, ಬ್ಯಾರೆ ಪಟ್ಟಿ ಕೊಡಾಕ ಬರಂಗಿಲ್ಲ, ತಂದದ್ರಾಗ ಮಾಡ್ರಿ. ಬಾಜು ಟೇಬಲ್ಲಿನ ತಮ್ಮಣ್ಣ, ಬಸ್ ಕಂಡಕ್ಟರ್, ಅವನಿಗೂ ಬಡ್ತಿಗೆ ಹತ್ತನೇ ಬೇಕು, ಕೈ ಎತ್ತಿದ, ಸರ, ನೆಕ್ಕಿ ನೋಡಿದ್ರ ನಡೀತೈತೇನ್ರಿ, ಹುಳಿ ಇದ್ರ ಆಮ್ಲ ಅಂತ ಪುಸ್ತಕದಾಗ ಐತಿ. ನೆಕ್ರಿ, ಆಮ್ಯಾಲೆ ಆಂಬುಲೆನ್ಸ್‌ನಾಗ ಮಲಕೊಂಡು ಬೆಳಗಾವಿಗೆ ಹೋಗ್ರಿ, ನಿಮಗ ಟಿಕೆಟ್ ಫ್ರೀ.

ಮೂರು ಹಳದಿ, ಮೂರು ಪ್ರನಾಳ, ಸಾಕಲ್ಲ, ಅ ದಲ್ಲಿ ಅದ್ದಿದೆ, ಹಳದಿ ಹಳದಿಯೇ, ಬ ದಲ್ಲಿ ಅದ್ದಿದೆ, ಆಹಾ, ಕೆಂಪು, ಒಂದೇ ಏಟಿಗೆ, ಬ ಪ್ರತ್ಯಾಮ್ಲ, ಬರಿ, ವೀಕ್ಷಣೆ, ತೀರ್ಮಾನ, ಕ ದಲ್ಲಿ ಅದ್ದಿದೆ, ಹಳದಿ ಹಳದಿಯೇ — ಹಂಗಾದರೆ ಅ ಮತ್ತು ಕ ದಲ್ಲಿ ಆಮ್ಲ ಯಾವುದು, ಉಪ್ಪುನೀರು ಯಾವುದು, ಅರಿಷಿಣ ಎರಡಕ್ಕೂ ಒಂದೇ ಮೋರೆ ತೋರಿಸುತ್ತದೆ, ಅದಕ್ಕೆ ಸುಣ್ಣ ಸೋಪು ಕಂಡರಷ್ಟೇ ಸಿಟ್ಟು, ಉಳಿದವರೆಲ್ಲ ಸಮಾನರು. ಹಳದಿ ಮುಗಿಯಿತು, ಹದಿನೆಂಟು ನಿಮಿಷ ಇದೆ. ಒಂದು ಹನಿ ಬೆರಳಿಗೆ ಹಚ್ಚಿಕೊಂಡರೆ ಹೇಳಿಬಿಡುತ್ತೇನೆ, ಉಗುರಿನ ಸಂದಿಯ ಸೀಳಿಗೆ ಆಮ್ಲ ತಾಗಿದರೆ ಇರುವೆ ಕಡಿದ ಹಾಗೆ, ಉಪ್ಪುನೀರಿನ ಉರಿ ಬೇರೆ, ಅದು ಸಾವಕಾಶ ಬರುತ್ತದೆ, ಹೋದ ವರ್ಷದ ಪರೀಕ್ಷೆಯಲ್ಲಿ ಹಾಗೇ ಮಾಡಿದ್ದೆ, ಮೂರೂ ಸರಿ ಬರೆದಿದ್ದೆ, ಮೂರಕ್ಕೂ ಸೊನ್ನೆ, ಆಗಲೂ ಇದೇ ಸುಮಂತ ಸರ್, ನಿಮಗ ಗೊತ್ತಿದ್ದದ್ದು ನಾ ಕೇಳಿಲ್ರಿ ಬಾಯಿ, ಹೆಂಗ ಗೊತ್ತಾತು ಅನ್ನೋದು ಕೇಳೇನಿ. ಮನೆಗೆ ಹೋಗುವ ದಾರಿಯುದ್ದಕ್ಕೂ ಬೈದೆ, ಬಸ್ಸು ದೇಸೂರು ದಾಟುವ ಹೊತ್ತಿಗೆ ಅವರ ಮಾತು ಸರಿ ಅನ್ನಿಸಿ ಇನ್ನೂ ಸಿಟ್ಟು ಬಂತು. ಮತ್ತೆ, ಇದೊಂದು ನನ್ನನ್ನು ಯಾವಾಗಲೂ ಕಾಡುವುದು, ಕೆಂಪಾದಾಗ ಆ ಹಳದಿ ಎಲ್ಲಿ ಹೋಗುತ್ತದೆ, ಸಾಯುತ್ತದೋ, ಒಳಗೆ ಕೂತಿರುತ್ತದೋ, ವಿಜ್ಞಾನದ ಮುಗ್ಧಾ ಟೀಚರನ್ನು ಕೇಳಿದ್ದೆ, ಇಪ್ಪತ್ತೈದು ವರ್ಷದ ಹುಡುಗಿ, ತನ್ನ ಡಬ್ಬಿಯ ಚಪಾತಿಯಲ್ಲಿ ಅರ್ಧ ಕೊಟ್ಟು ನನಗೆ ಪಾಠ ಹೇಳಿದವಳು, ಅಷ್ಟು ಆಳಕ್ಕ ಹೋಗಬ್ಯಾಡ್ರಿ ಪ್ರಮಿಳಕ್ಕಾ, ಎರಡು ಮಾರ್ಕಿಗೆ ಅಷ್ಟು ಬೇಕಾಗಂಗಿಲ್ಲ, ಹೌದು ಬೇಕಾಗುವುದಿಲ್ಲ, ಆದರೂ ಎಲ್ಲಿ ಹೋಗುತ್ತದೆ, ಹೋದದ್ದು ವಾಪಸು ಬರುತ್ತದೋ — ಬಂದಿತ್ತು, ಬಂದಿತ್ತಲ್ಲ, ಒಂದು ಸಲ, ಹಿತ್ತಾಳೆಯ ತಾಟು, ನನಗೆ ಎಂಟು ವರ್ಷ, ಯಲ್ಲೇಶಣ್ಣನ ಮದುವೆಯಾಗಿ ವೈನಿ ಹೊಸ್ತಿಲ ಹೊರಗೆ ನಿಂತಿದ್ದಾಳೆ, ಅವ್ವ ತಾಟಿನಲ್ಲಿ ಅರಿಷಿಣದ ನೀರು ಮಾಡಿ ಚಿಟಿಕೆ ಸುಣ್ಣ ಬೆರೆಸಿದಳು, ನೀರು ರಕ್ತದಂತೆ ಕೆಂಪಾಯಿತು, ದೃಷ್ಟಿ ತೆಗೆಯುವ ಆರತಿ, ತಾಟು ನನ್ನ ಕೈಗೆ ಕೊಟ್ಟು ಅವ್ವ ಬತ್ತಿ ತರಲಿಕ್ಕೆ ಹೋದಳು, ಬಾಜುವಿನಲ್ಲಿ ಹೆಚ್ಚಿಟ್ಟ ಲಿಂಬಿಹಣ್ಣು, ಹಿಂಡಿದರೆ ಏನಾಗುತ್ತದೆ, ಬೇರೇನಿಲ್ಲ, ಏನಾಗುತ್ತದೆ ಅಂತ ಅಷ್ಟೇ, ಹಿಂಡಿದೆ, ಕೆಂಪು ಹೋಯಿತು, ಹಳದಿ ಬಂತು, ತಾಟಿನ ತುಂಬ ಹಳದಿ, ಯಾರೋ ಕೂಗಿದರು, ಅಯ್ಯಯ್ಯ ಸತ್ಯವ್ವಾ, ಆರತಿ ಬಣ್ಣಾ ಬಿಟ್ಟೈತಲ್ಲ, ಏನ ಅಪಶಕುನ ಇದು, ಬೆನ್ನ ಮೇಲೆ ಅವ್ವನ ಏಟು ಬಿತ್ತು, ಆದರೆ ಆಗಲೂ ನಾನು ನೋಡುತ್ತಿದ್ದದ್ದು ತಾಟನ್ನೇ. ಅಪಶಕುನವಾದ ವೈನಿ ಮೂವತ್ತಮೂರು ವರ್ಷದಿಂದ ಆ ಮನೆ ಆಳುತ್ತಿದ್ದಾಳೆ, ನಿನ್ನೆಯೂ ಅಂದಳು, ಪಾಸಾದ್ರ ಪೇಢೆ ತರ್ರಿ, ಲಿಂಬಿಹಣ್ಣು ತರಬ್ಯಾಡ್ರಿ.

ಕೆಂಪು, ಲಿಂಬಿ, ಹಳದಿ. ಲಿಂಬಿ ಆಮ್ಲ. ಹಂಗಾದರೆ ಕೆಂಪು ಪಟ್ಟಿ ಕೆಟ್ಟಿಲ್ಲ, ಹಳದಿ ಪಟ್ಟಿ ಸುಣ್ಣವನ್ನು ಹಿಡಿದರೆ ಇದು ಆಮ್ಲವನ್ನು ಹಿಡಿಯಬೇಕು, ಅವ್ವನ ತುಳಸಿಕಟ್ಟೆ ನನಗೆ ಒಂಬತ್ತು ಸೂಚಕ ಮಾಡಿ ಕೊಟ್ಟಿದೆ, ಪುಸ್ತಕದಲ್ಲಿ ಹೀಗಂತ ನಾನು ಓದಿಲ್ಲ, ಇಲ್ಲದಿದ್ದರೆ ಇಲ್ಲ, ಗಾಜಿನ ಕಡ್ಡಿ ಎಲ್ಲಿ, ತೊಳೆದುಕೋ, ಒರೆಸು, ಅ ದಿಂದ ಒಂದು ಹನಿ, ಕೆಂಪು ಪಟ್ಟಿಯ ಮೇಲೆ, ಬಿಟ್ಟೆ. ಕೆಂಪು. ಒಂದು, ಎರಡು, ಮೂರು, ನಾಲ್ಕು, ಕೆಂಪೇ. ಅ ಉಪ್ಪುನೀರು ಅಂತ ಬರೆಯಲೇ, ಅಥವಾ ಒಣಗಿದ ಕೆಂಪಿಗೆ ಜೀವವೇ ಇಲ್ಲವೋ, ತಾಟಿನಲ್ಲಿದ್ದದ್ದು ಹಸಿ ನೀರು, ಇದು ರಾತ್ರಿಯಿಡೀ ಸುಣ್ಣದ ಮೇಲೆ ಬಿದ್ದ ಕಾಗದ, ಅ ಆಮ್ಲವೇ ಇದ್ದು ಪಟ್ಟಿ ಸತ್ತಿದ್ದರೂ ಹೀಗೇ ಕಾಣುತ್ತದೆ, ಪಟ್ಟಿ ಸತ್ತಿದ್ದರೆ ನಾನು ಗೇಟಿಗೆ, ಓಂಕಾರ ಲ್ಯಾಬಿಗೆ, ಅವನು ಮೊದಲ ವಾರವೇ ಬೀಕರುಗಳನ್ನು ಒಂದರೊಳಗೊಂದು ತುರುಕಿ ಒಡೆಯುತ್ತಾನೆ. ಸುಮಂತ ಸರ್ ಹಿಂದೆ ಬಂದು ನಿಂತಿದ್ದಾರೆ, ಬೂಟಿನ ಸದ್ದು ನಿಂತದ್ದರಿಂದ ಗೊತ್ತಾಯಿತು, ಕೆಟ್ಟ ಪಟ್ಟಿ ಮ್ಯಾಲ ಯಾಕ ಹನಿ ಹಾಕಾಕತ್ತೀರಿ, ಕೆಟ್ಟಿಲ್ರಿ ಸರ, ಮತ್ತೇನಾಗೇತಿ, ಒಳಗ ಹಳದಿ ಐತೋ ಇಲ್ಲೋ ನೋಡಾಕತ್ತೇನ್ರಿ, ಇದನ್ನ ಯಾರು ಕಲಿಸಿದ್ರು ನಿಮಗ, ಯಾರು ಕಲಿಸಿದರು ಅಂತ ಹೇಳಲಿ, ಆರತಿ ತಾಟಿನ ಕಥೆ ಹೇಳಿದರೆ ವೀಕ್ಷಣೆ ಅಂತ ಆಗುವುದಿಲ್ಲ, ಇನ್ನೊಂದು ಐತ್ರಿ ಸರ, ನೋಡಿ ಹೇಳತೇನ್ರಿ. ಅವರು ಹೋಗಲಿಲ್ಲ. ಕಡ್ಡಿ ತೊಳೆದೆ, ಒರೆಸಿದೆ, ಹೊಸ ಕೆಂಪು ಪಟ್ಟಿ, ಕ ದೊಳಗೆ ಕಡ್ಡಿ, ಹದಿನಾರು ವರ್ಷದಲ್ಲಿ ಈ ಕೈಯಿಂದ ಒಂದೂ ಪ್ರನಾಳ ಬಿದ್ದಿಲ್ಲ, ಕಡ್ಡಿಯ ತುದಿಯಲ್ಲಿ ಹನಿ ತೂಗುತ್ತಿದೆ, ಬೀಳುವುದಿಲ್ಲ, ಬಿತ್ತು, ಗುಂಡಗೆ ಕೂತಿದೆ, ಕೆಂಪಿನ ಮೇಲೆ ಗಾಜಿನ ಮಣಿ, ಅದರ ಕೆಳಗೆ ಕೆಂಪು ಇನ್ನೂ ಕೆಂಪು, ಒಂದು, ಎರಡು, ಅಂಚಿನಲ್ಲಿ ಕೂದಲೆಳೆಯಷ್ಟು ಏನೋ, ನನ್ನ ಕಣ್ಣೇ ಇರಬೇಕು, ಕಿಟಕಿಯ ಬಿಸಿಲಿರಬೇಕು, ಅಲ್ಲ, ಹನಿ ಕಾಗದದೊಳಗೆ ಇಳಿಯಿತು, ಇಳಿದಲ್ಲಿ ಹಳದಿ, ಬೊಟ್ಟಿನಷ್ಟು, ಸುತ್ತ ಕೆಂಪು, ಬರೀರಿ ಮತ್ತ, ಏನ ನೋಡಕೋತ ಕುಂತೀರಿ, ಹತ್ತು ನಿಮಿಷ ಉಳಿದೈತಿ, ಪೆನ್ನು ಕೈಯಲ್ಲೇ ಇದೆ, ಬರೆಯುತ್ತೇನೆ, ಕ ಆಮ್ಲ, ಅ ಉಪ್ಪುನೀರು, ಒಂದು ಕ್ಷಣ, ಬೊಟ್ಟಿನಷ್ಟು ಹಳದಿ, ಸುತ್ತ ಕೆಂಪು, ಎಲ್ಲೂ ಹೋಗಿರಲಿಲ್ಲ, ಬೊಟ್ಟಿನಷ್ಟು ಹಳದಿ, ಸುತ್ತ ಕೆಂಪು, ಬೊಟ್ಟಿನಷ್ಟು ಹಳದಿ