ಸಣ್ಣ ಬೀಜಕ್ಕೆ ಮರಳು

ಸಸಿ ನರ್ಸರಿಯ ಕೂಲಿ ಶಿವಮ್ಮ ಮತ್ತು ಜೊತೆಯ ಹೆಂಗಸರು ಟ್ರ್ಯಾಕ್ಟರಿನಿಂದ ಪುಟ್ಟಿಪುಟ್ಟಿ ಮಣ್ಣು ತಂದು ಗುಂಡಿಯ ಪಕ್ಕ ಸುರಿಯುತ್ತಿದ್ದರು. ಕೂಡ್ಲಿಗಿಯ ಹೊರಗಿನ ಆ ಹೊಲದಂಚಿನಲ್ಲಿ ಅಗೆದರೆ ಬರೀ ಕಲ್ಲು. ಸತ್ತ ಕರಿಸಿದ್ದಪ್ಪನ ಮೇಲೆ ಕಲ್ಲು ಎಳೆಯಲು ಯಾರಿಗೂ ಮನಸ್ಸಾಗಲಿಲ್ಲ. ಅದಕ್ಕೇ ನರ್ಸರಿಯಲ್ಲಿ ಅವನೇ ಹದ ಮಾಡಿಟ್ಟಿದ್ದ ಸಸಿಮಣ್ಣು ತಂದಿದ್ದರು: ಕೆಂಪುಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ. ಗೊಬ್ಬರದ ಮಣ್ಣು ಹೆಣಕ್ಕೆ ನಡೆಯುತ್ತದೆಯೇ ಎಂದು ಹಿರಿಯರೊಬ್ಬರು ರಾಗ ಎಳೆದರು.

“ಜೀವನಪೂರ್ತಿ ಇದರಾಗ ಕೈ ಇಟ್ಟಾನ್ರಿ. ಈಗೇನು ಮೈಲಿಗಿ?” ಎಂದಳು ಶಿವಮ್ಮ.

ಕರಿಸಿದ್ದಪ್ಪನ ಮಗಳು ಶಿವಲೀಲಾ ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದು ಅಪ್ಪನ ಜೊತೆ ಸಸಿಯ ಪಾಕೀಟಿಗೆ ಮಣ್ಣು ತುಂಬಿದವಳು ಅವಳು. ಅವಳ ಕಣ್ಣು ತನ್ನ ಮಗಳು ಪುಷ್ಪಲತಾಳ ಮೇಲಿತ್ತು. ಹತ್ತನೇ ಕ್ಲಾಸು ಪಾಸಾದ ಹುಡುಗಿಗೆ ಹಗರಿಬೊಮ್ಮನಹಳ್ಳಿಯ ಕಾಲೇಜು ಬೇಡವೆಂದು ಕರಿಸಿದ್ದಪ್ಪ ಹೇಳಿಯೇ ಸತ್ತಿದ್ದ. ಬೆಳಿಗ್ಗೆ ಹೆಣದ ಮುಂದೆ ಕೂತು ಶಿವಲೀಲಾಳ ಅಣ್ಣ ಜಂಬುನಾಥ ಅದನ್ನೇ ಸಾರಿದ್ದ: ತಿಥಿ ಮುಗಿದ ಮೇಲೆ ಅಪ್ಪನ ಜಾಗಕ್ಕೆ ಪುಷ್ಪ ನರ್ಸರಿಗೆ ಹೋಗುತ್ತಾಳೆ. ಬಂದವರು ತಲೆಯಾಡಿಸಿದರು. ಸತ್ತವನ ಮಾತು ಮೀರುವುದುಂಟೇ? ಬದುಕಿದ್ದರೆ ಜಗಳವಾದರೂ ಆಡಬಹುದಿತ್ತು. ಸತ್ತು ಅವನು ಇನ್ನೂ ಗಟ್ಟಿಯಾಗಿಬಿಟ್ಟಿದ್ದ.

*

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಕರಿಸಿದ್ದಪ್ಪ ಮೊಳಕೆಯವರೆಗೂ ಕಾಯುವ ಆಸಾಮಿಯಲ್ಲ. ಹುಣಸೆಬೀಜವನ್ನು ಮೊರಕ್ಕೆ ಹಾಕಿ ದಪ್ಪ, ಸಣ್ಣ ಎಂದು ಬೇರೆ ಮಾಡುತ್ತಿದ್ದ. ದಪ್ಪದ್ದಕ್ಕೆ ಗೊಬ್ಬರದ ಮಣ್ಣು, ಸಣ್ಣದ್ದಕ್ಕೆ ಹೆಚ್ಚುಕಡಿಮೆ ಬರೀ ಮರಳು. ಸಣ್ಣ ಬೀಜಕ್ಕೆ ಗೊಬ್ಬರ ದಂಡ ಎಂಬುದು ಅವನ ವೇದ. ಆ ವೇದವನ್ನು ಮನೆಗೂ ತಂದ. ದಷ್ಟಪುಷ್ಟವಾಗಿ ಹುಟ್ಟಿದ ಜಂಬುನಾಥ ಹರಪನಹಳ್ಳಿಯ ಹಾಸ್ಟೆಲ್ಲಿಗೆ ಹೋದ. ಅಂಗೈಯಷ್ಟಿದ್ದ ಶಿವಲೀಲಾ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಳು. ಮೊಮ್ಮಗಳನ್ನೂ ಹುಟ್ಟಿದ ದಿನವೇ ಕೈಯಲ್ಲಿ ತೂಗಿ ನೋಡಿ, ಇದೂ ಸಣ್ಣ ಬೀಜವೇ ಎಂದಿದ್ದ.

ಹುಡುಗಿಯಾಗಿದ್ದಾಗ ಶಿವಲೀಲಾ ಒಮ್ಮೆ ಅಪ್ಪನಿಗೆ ಕಾಣದಂತೆ ಸಣ್ಣ ಬೀಜಗಳನ್ನು ಗೊಬ್ಬರದ ಪಾಕೀಟುಗಳಿಗೆ ಊರಿದಳು. ಮಳೆಗಾಲದ ಹೊತ್ತಿಗೆ ಅವು ದಪ್ಪ ಬೀಜದ ಸಸಿಗಳ ಸಮಕ್ಕೆ ಬಂದವು. ಸಂತೋಷ ತಡೆಯದೆ ಅಪ್ಪನನ್ನು ಕರೆದು ತೋರಿಸಿದಳು. ಅವನು ಎಲೆ ಸವರಿ ನೋಡಿದ.

“ಬೀಜ ಅದಲುಬದಲು ಮಾಡೀಯವ್ವ ನೀ,” ಎಂದು ಅವಳ ತಲೆ ನೇವರಿಸಿ ಹೋದ.

ಅವನು ಬೈದಿದ್ದರೆ ಎದುರಾಡುತ್ತಿದ್ದಳು. ಆ ಪ್ರೀತಿಗೆ ಎದುರಾಡುವುದು ಅವಳಿಗೆ ಬರಲಿಲ್ಲ.

*

ಕರಿಸಿದ್ದಪ್ಪನನ್ನು ಇಳಿಸಿದರು. ಮಣ್ಣು ಕೊಡುವ ಸರದಿ ಬಂತು. ಮೊದಲು ಮಗ, ಆಮೇಲೆ ಮಗಳು. ಇಬ್ಬರದೂ ಬೀಳದೆ ಉಳಿದವರು ಗುಂಡಿ ಮುಚ್ಚುವಂತಿಲ್ಲ. ಜಂಬುನಾಥ ಮಣ್ಣು ಕೊಟ್ಟು ಕೈ ಕೊಡವಿದ. ಶಿವಲೀಲಾ ಮುಷ್ಟಿ ತುಂಬ ತೆಗೆದುಕೊಂಡು ಗುಂಡಿಯ ಮೇಲೆ ಕೈ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ.

“ಮಣ್ಣು ಕೊಡವ್ವ, ಹೊತ್ತಾತು,” ಎಂದ ಅಣ್ಣ.

“ಪುಷ್ಪಿ ಕಾಲೇಜಿಗಿ ಹೋಗ್ತಾಳ ಅನ್ನಣ್ಣ. ಕೊಡ್ತೀನಿ.”

“ಇಲ್ಲಿ ಆಡೋ ಮಾತಲ್ಲ ಅದು. ಮನಿಗಿ ಹೋಗಿ ನೋಡೋಣಂತ.”

ಮನೆಗೆ ಹೋಗಿ ನೋಡುವುದೆಂದರೆ ಏನೆಂದು ಆ ಮನೆಯಲ್ಲೇ ಬೆಳೆದವಳಿಗೆ ಗೊತ್ತಿತ್ತು. ಹಿರಿಯರು ಬುದ್ಧಿ ಹೇಳಿದರು, ಗದರಿದರು. ಶಿವಮ್ಮನೂ ಕೊಟ್ಟುಬಿಡು ಎಂದು ಬೇಡಿಕೊಂಡಳು. ಕೆಳಗೆ ವಿಭೂತಿ ಬಳಿದ ಅಪ್ಪನ ಮುಖ ಕಂಡು ಶಿವಲೀಲಾಳಿಗೆ ಅಳು ಒತ್ತರಿಸಿ ಬಂತು. ಜಂಬುನಾಥ ಬೆನ್ನು ತಿರುಗಿಸಿ ನಿಂತ. ಸಲಿಕೆ ಹಿಡಿದಿದ್ದವರು ಒಬ್ಬೊಬ್ಬರಾಗಿ ಸಲಿಕೆ ಕೆಳಗಿಟ್ಟು ಬಿಸಿಲಲ್ಲೇ ಕೂತರು. ಚಾಚಿದ ಕೈ ಸೋತು, ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಉದುರತೊಡಗಿತು. ಅವಳು ಇನ್ನೊಂದು ಕೈಯನ್ನು ಬೊಗಸೆಯಾಗಿ ಅದರ ಕೆಳಗೆ ಒಡ್ಡಿ ನಿಂತಳು, ಒಂದು ಕಣವೂ ಅಪ್ಪನ ಮೇಲೆ ಬೀಳದಂತೆ.