ಬೆರಳ ತುದಿಯ ಸೀಸ

ಐವತ್ತೆರಡು. ಯಂತ್ರದ ಪರದೆ ಮೇಲೆ ಆ ಸಂಖ್ಯೆ ಕಂಡು ಲ್ಯಾಬಿನ ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ರಕ್ತದಲ್ಲಿ ಸೀಸ ಐದು ದಾಟಬಾರದು; ಅಷ್ಟಿದ್ದರೆ ಆಸ್ಪತ್ರೆಗೆ ಸೇರಿಸಲೇಬೇಕು. ರಕ್ತವೋ, ಅವಳ ಸ್ವಂತ ತಮ್ಮನ ಮಗಳದ್ದು. ಮೂರು ವರ್ಷದ ಅರಳು ಹುರಿದಂಥ ಮಾತಿನ ಚೂಟಿ.

ಊರವರ ದನಿಯನ್ನೆಲ್ಲ ಅನುಕರಿಸಿ ನಗಿಸುವ ಅಕ್ಕ ಅವತ್ತು ಯಂತ್ರದ ಮೇಲೇ ಅನುಮಾನಪಟ್ಟಳು. ಅದಕ್ಕೆ ಶುದ್ಧ ನೀರು ಕುಡಿಸಿದಳು: ಸೊನ್ನೆ. ಅದೇ ರಕ್ತ ಮತ್ತೆ ಕೊಟ್ಟಳು: ಐವತ್ತೊಂದು.

"ದರಿದ್ರದ್ದು, ಒಂದು ಸುಳ್ಳು ಹೇಳೋಕೂ ಬರಲ್ಲ!"

ದೊಡ್ಡ ಡಾಕ್ಟರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮೂಗಿನಲ್ಲೇ ತೀರ್ಪು ಕೊಟ್ಟರು: "ನಾಳೆ ಇನ್ನೊಂದ್ಸಲ ನೋಡೋಣ. ಹೀಗೇ ಬಂದ್ರೆ ಅಡ್ಮಿಟ್. ಮಾತಿಲ್ಲ."

ಮರುದಿನ ನಾದಿನಿ ಮಗಳನ್ನು ಮನೆಯಿಂದ ಕರೆತಂದಳು. ಹಳೇ ಸೀಸದ ಬ್ಯಾಟರಿ ಬಿಚ್ಚಿ ರಿಪೇರಿ ಮಾಡುವ ತಮ್ಮ ಅಂಗಡಿಯಿಂದ ನೇರ ಓಡಿ ಬಂದ.

"ಅಂಗಡಿ ಮುಚ್ಚಿಬಿಡ್ತೀನಿ ಕಣಕ್ಕಾ. ಮನೇಲಿ ಸ್ನಾನ ಮಾಡ್ದೆ ಇವಳನ್ನ ಮುಟ್ಟಿದವನೇ ಅಲ್ಲ ನಾನು. ಆದ್ರೂ ಹೀಗಾಯ್ತಲ್ಲ!"

ನರ್ಸು ಮಗುವಿನ ಬೆರಳು ಒರೆಸಿ ಸೂಜಿ ಎತ್ತಿದಳು. ಮಗು ಕೈ ಕಿತ್ತುಕೊಂಡಿತು. ತಮ್ಮ ಮುಂದೆ ಬಾಗಿ ಆ ಪುಟ್ಟ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಸವರಿದ. "ಏನಿಲ್ಲ ಚಿನ್ನಾ, ಇರುವೆ ಕಚ್ಚಿದಂಗೆ ಅಷ್ಟೇ."

ಅಕ್ಕನ ಕಣ್ಣು ಅವನ ಉಗುರಿನ ಮೇಲೆ ಬಿತ್ತು. ಸಂದಿಯಲ್ಲೆಲ್ಲ ಕಪ್ಪು.

"ತಡೀರಿ ಸಿಸ್ಟರ್! ಲೇ, ನಿನ್ನೆಯೂ ಬೆರಳು ನೀನೇ ಹಿಡ್ಕೊಂಡಿದ್ಯೇನೋ?"

"ಮತ್ತಿನ್ಯಾರು ಹಿಡೀಬೇಕು? ಅಪ್ಪ ಅಲ್ವಾ ನಾನು?"

"ಅಪ್ಪನೇ, ಅದಕ್ಕೇ ಇಷ್ಟು ಧಾರಾಳ! ಅಂಗಡೀಲಿರೋ ಸೀಸಾನೆಲ್ಲ ಅವಳ ಬೆರಳಿಗೆ ಸವರಿ ಚುಚ್ಚಿಸಿದ್ದೀಯಲ್ಲೋ! ಹನಿ ರಕ್ತಕ್ಕೆ ಆ ಕೊಳೆ ಬೆರೆತ್ರೆ ಸಾಕು. ನಡಿ, ಆಚೆ ನಿಂತ್ಕೋ!"

ಮಗುವಿನ ಕೈಯನ್ನು ಮೊಣಕೈವರೆಗೂ ಸೋಪು ಹಾಕಿ ತೊಳೆದದ್ದಾಯಿತು. ಅಮ್ಮನ ತೊಡೆ ಮೇಲೆ ಕೂರಿಸಿ, ಈ ಸಲ ಬೆರಳು ಬಿಟ್ಟು ಮೊಣಕೈ ಮಡಚುವಲ್ಲಿನ ರಕ್ತನಾಳದಿಂದ ರಕ್ತ ತೆಗೆದರು. ಯಂತ್ರ ಗುಂಯ್‌ಗುಟ್ಟಿತು. ಅಕ್ಕ ಪರದೆಗೆ ಬಾಗಿದಳು.

ಎರಡು.

ಮತ್ತೆ ಹಾಕಿದಳು. ಎರಡೇ!

ರಿಪೋರ್ಟು ಹಿಡಿದು ಕಾರಿಡಾರಿಗೆ ನುಗ್ಗಿದವಳೇ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಮೂಗಿನಲ್ಲೇ ಘೋಷಿಸಿದಳು: "ಎರಡೇ ಎರಡು! ಅಡ್ಮಿಟ್ ಇಲ್ಲ. ಮಾತಿಲ್ಲ!"

ನಾದಿನಿ ನಗುತ್ತಲೇ ಅತ್ತುಬಿಟ್ಟಳು. ತಮ್ಮ ಮಗಳನ್ನು ಬಾಚಿಕೊಳ್ಳಲು ಕೈ ಚಾಚಿದ.

"ಮುಟ್ಟಬೇಡ! ಮೊದಲು ಕೈ ತೊಳಿ."

ಮೂಗಿನ ದನಿ ಅದೇ. ಆದರೆ ಅಕ್ಕನ ತುಟಿ ಅಲುಗಿರಲಿಲ್ಲ. ಬೆನ್ನ ಹಿಂದೆ ದೊಡ್ಡ ಡಾಕ್ಟರು! ಅಕ್ಕ ನಾಲಿಗೆ ಕಚ್ಚಿಕೊಂಡಳು.

"ನನಗಿಂತ ಚೆನ್ನಾಗೇ ಹೇಳ್ತೀಯಮ್ಮ," ಎಂದು ಅವರು ರಿಪೋರ್ಟು ಕಸಿದುಕೊಂಡು, ನಿಂತಲ್ಲೇ ಸಹಿ ಹಾಕಿದರು.

ತಮ್ಮ ನಲ್ಲಿಯತ್ತ ಓಡಿದ. ಮೂರು ಸಲ ಸೋಪು ತಿಕ್ಕಿ ಬಂದು ಮಗಳನ್ನು ಹೆಗಲಿಗೇರಿಸಿಕೊಂಡ. ಅಲ್ಲಿಂದ ಚೂಟಿ ಮೂಗು ಹಿಡಿದುಕೊಂಡು ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದಳು:

"ಮಾತಿಲ್ಲ!"