ನಾಲಿಗೆಯ ಮೇಲಿನ ವಿಭೂತಿ

ಜಂಗಮರ ಹುಡುಗಿ ಇಲಿ ಕೊಲ್ಲುವ ಕೆಲಸಕ್ಕೆ ಸೇರಿದ್ದಾಳೆಂದು ನಿಲಂಗಾದ ಓಣಿಯವರು ಆಡಿಕೊಂಡಾಗ ಈಶ್ವರಯ್ಯ ಕಿಡಿಕಿಡಿಯಾಗಿದ್ದರು. "ನನ್ನ ಮಗಳು ಇರಿವೀನೂ ಕೊಲ್ಲಂಗಿಲ್ಲ. ಯಾವುದು ವಿಷ, ಯಾವುದು ಅಲ್ಲ ಅಂತ ಕಂಪ್ಯೂಟರಿಗಿ ಕೇಳ್ತಾಳ, ಅದು ಹೇಳ್ತದ."

ಮಾತು ನಿಜವೇ. ಉದಗೀರದ ಪ್ರಯೋಗಾಲಯದಲ್ಲಿ ಉಜ್ವಲಾ ಮಾಡುತ್ತಿದ್ದುದು ಅದನ್ನೇ. ಹಿಂದಿನ ಪರೀಕ್ಷೆಗಳಲ್ಲಿ ಸತ್ತ ಇಲಿ, ಮೊಲಗಳ ಮಾಹಿತಿಯಿಂದ ಕಲಿತ ಆ ಯಂತ್ರ, ಹೊಸ ರಾಸಾಯನಿಕ ಚರ್ಮಕ್ಕೆ ತಾಗಿದರೆ ಏನಾದೀತು, ಹೊಟ್ಟೆಗೆ ಹೋದರೆ ಏನಾದೀತು ಎಂದು ಬೇರೆ ಬೇರೆಯಾಗಿ ಹೇಳುತ್ತಿತ್ತು. ಇನ್ನು ಯಾವ ಮೂಕಪ್ರಾಣಿಯೂ ನರಳಬೇಕಿಲ್ಲವೆಂದು ಅವಳಿಗೆ ಎಷ್ಟು ಹಿಗ್ಗು!

ಒಮ್ಮೆ ಒಂದು ಕಂಪನಿ ವಿಭೂತಿಗೆ ಬೆರೆಸುವ ಸುವಾಸನೆಯ ಪುಡಿಯನ್ನು ಪರೀಕ್ಷೆಗೆ ಕಳಿಸಿತು. ವಿಭೂತಿ ಹಣೆಗೆ ಹಚ್ಚುವಂಥದ್ದು, ಹಾಗಾಗಿ ಉಜ್ವಲಾ ಚರ್ಮದ ಬಗ್ಗೆ ಮಾತ್ರ ಕೇಳಿದಳು. ಬಾಧೆಯಿಲ್ಲ ಎಂದು ಉತ್ತರ ಬಂತು. ಆ ವಿಭೂತಿಯ ಮೊದಲ ಡಬ್ಬಿಗಳನ್ನು ಹೆಮ್ಮೆಯಿಂದ ಮನೆಗೇ ತಂದಳು.

ತಾಯಿ ಚಂದ್ರಭಾಗಾ ಪೂಜೆ ಮುಗಿಸಿ ಹಣೆಗೆ ಹಚ್ಚಿದ ಮೇಲೆ ಒಂದು ಚಿಟಿಕೆ ಬಾಯಿಗೂ ಹಾಕಿಕೊಳ್ಳುವವಳು. ಹೊಟ್ಟೆ ಉರಿದರೂ ಅವಳಿಗೆ ವಿಭೂತಿಯೇ ಮದ್ದು. ಅದನ್ನು ನೋಡುತ್ತಲೇ ಬೆಳೆದ ಮಗಳಿಗೆ ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ಅದು ನೆನಪಾಗಲಿಲ್ಲ. ಏನು ಓದಿ ಏನು ಬಂತು?

ವರ್ಷ ತುಂಬುವಷ್ಟರಲ್ಲಿ ಚಂದ್ರಭಾಗಾಳ ಕಣ್ಣು ಹಳದಿಯಾದವು. ಲಿವರ್ ಕೆಟ್ಟಿದೆ ಎಂದ ಡಾಕ್ಟರು, ಬೇರೇನಾದರೂ ಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದರೇ ಎಂದು ಕೇಳಿದರು. ಉಜ್ವಲಾಗೆ ಪೂಜೆಯ ಚಿಟಿಕೆ ನೆನಪಾಯಿತು. ಕೇಳದೆ ಬಿಟ್ಟಿದ್ದನ್ನು ಅಂದು ಯಂತ್ರಕ್ಕೆ ಕೇಳಿದಳು. ಲಿವರಿಗೆ ವಿಷ ಎಂದಿತು ಅದು. ಅದೇ ರಾತ್ರಿ ತಾಯಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮರುದಿನ ಈಶ್ವರಯ್ಯ ಮಗಳ ಹಣೆಗೆ ವಿಭೂತಿ ಹಚ್ಚಿ, ಚಿಟಿಕೆಯನ್ನು ಬಾಯಿಯ ಹತ್ತಿರ ತಂದರು. ಅವಳು ಆ ಕೈ ಹಿಡಿದುಕೊಂಡಳು.

"ಬ್ಯಾಡ್ರಿ ಅಪ್ಪಾ. ಇದು ಹೊಟ್ಟಿಗಿ ಹೋಗಬಾರದು. ಅವ್ವ ಹೋಗಿದ್ದು ಇದರಿಂದೇ ಅನಸ್ತದ. ನಾ ಮೈಗಿ ಹಚ್ಚೋದಷ್ಟೇ ಕೇಳಿದ್ದೆ. ತಿನ್ನೋದು ಕೇಳಲೇ ಇಲ್ಲ."

ಬೈಯಲಿ, ಹೊಡೆಯಲಿ ಎಂದು ಅವಳು ಕಾದಳು. ಈಶ್ವರಯ್ಯ ಚಿಟಿಕೆಯನ್ನು ಮರಳಿ ಡಬ್ಬಿಗೆ ಹಾಕಿದರು.

"ದಾಳಿಂಬ ಊರಾಗ ನಮ್ಮ ಭಕ್ತ ರೇವಣಪ್ಪನ ಮೊಮ್ಮಗಳಿಗಿ ಜ್ವರ ಬಂದಾಗ ನಾನೇ ನಾಲಗಿಗಿ ಇಟ್ಟೀನಿ, ತಾಯಿ. ಡಬ್ಬೀನೂ ಕೊಟ್ಟು ಬಂದೀನಿ. ಮುರುಮದಾಗೂ ಮನಿಮನಿಗಿ ಕೊಟ್ಟೀನಿ. ನನ್ನ ಮಗಳು ತಪಾಸಣಿ ಮಾಡ್ಯಾಳ, ಏನೂ ಆಗಂಗಿಲ್ಲ ಅಂತ ಹೇಳಿ ಕೊಟ್ಟೀನಿ."

ಮಾರನೆಯ ಬೆಳಿಗ್ಗೆ ಸ್ನಾನವಾದ ಮೇಲೆ ಅವರು ವಿಭೂತಿ ಮುಟ್ಟಲಿಲ್ಲ. ಬರಿಯ ಹಣೆಯಲ್ಲಿ ತಂದೆಯನ್ನು ಉಜ್ವಲಾ ನೋಡಿದ್ದು ಅದೇ ಮೊದಲು. ಇಬ್ಬರೂ ಮೊದಲು ದಾಳಿಂಬಕ್ಕೆ ಹೋದರು.

ರೇವಣಪ್ಪ ಕಾಲಿಗೆರಗಿ, ಒಳಗೆ ಕೂಗಿ ಹೇಳಿದ. "ಶುಭಾಂಗಿ, ಬಾ ಲಗೂನ. ಅಯ್ಯನೋರು ಬಂದಾರ."

ಮಗು ಓಡಿ ಬಂತು. ಉಜ್ವಲಾ ಮೊದಲು ಅದರ ಕಣ್ಣು ನೋಡಿದಳು. ತುಸು ಹಳದಿ ಇದ್ದವು. ಮಗುವಿಗೆ ಅದೇನು ಗೊತ್ತು? ಎಂದಿನಂತೆ ಈಶ್ವರಯ್ಯನ ಮುಂದೆ ಮುಖವೆತ್ತಿ ನಿಂತು ನಾಲಿಗೆ ಚಾಚಿತು.